ಯಾರ ಕದಕ್ಕೆ ತಟ್ಟಿತು

ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವರೇ ನಾವು ಮೊದಲು ಮಾಡುವ ಕೆಲಸ ಮನೆಯ ಕದ ಎತ್ತುವುದು. ಇಬ್ಬರು ಗಂಡಸರು ಬಗ್ಗಿ ಕೆಳಗಿನಿಂದ ಒಂದು ಸಲ ಮೇಲಕ್ಕೆ ನೂಕಿದರೆ ಸಾಕು, ತಿರುಗುಣಿ ಗುಳಿಯಿಂದ ಕಳಚಿ ಕದ ಕೈಗೆ ಬರುತ್ತದೆ. ಮುಂಬಾಗಿಲು, ಹಿತ್ತಲ ಬಾಗಿಲು, ಬಚ್ಚಲ ಬಾಗಿಲು, ಯಾವುದನ್ನೂ ಬಿಡುವ ಹಾಗಿಲ್ಲ. ಎಲ್ಲವನ್ನೂ ಹೊತ್ತುಕೊಂಡು ಹೋಗಿ ದೇವಾಲಯದ ಹಿಂದಿನ ಗೋಡೆಗೆ ಒರಗಿಸಿ ಬಂದೆವೆಂದರೆ, ಆಮೇಲೆ ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಖ ಹಬ್ಬದ ತನಕ ಊರಲ್ಲಿ ತಟ್ಟುವುದಕ್ಕೆ ಒಂದು ಬಾಗಿಲೂ ಇಲ್ಲ. ಹೊಸಿಲಿಗೆ ಹಳೇ ಸೀರೆ ಇಳಿಬಿಡುತ್ತೇವೆ. ಪಕ್ಕದ ಮನೆ ಮೇಕೆ ಒಳಗೆ ಬಂದು ಅಕ್ಕಿ ತೊಳೆದ ನೀರು ಕುಡಿದು ಹೋಗುತ್ತದೆ. ನೆಂಟರು ಕೆಮ್ಮಿಕೊಂಡು ಒಳಗೆ ಬರುತ್ತಾರೆ. ಬಚ್ಚಲಿಗೆ ಹೋದವರು ಹಾಡುತ್ತಲೇ ಇರಬೇಕು. ನಮ್ಮ ಮಾವನವರಿಗೆ ಮಲಬದ್ಧತೆ, ಪಾಪ, ಕ್ರಿಸ್ಮಸ್ ಹಾಡೂ ಸೇರಿ ಇಡೀ ಪುಸ್ತಕ ಮುಗಿಸಿ ಬರುತ್ತಿದ್ದರು.

ಹೊರಗಿನವರು ಯಾಕೆ ಹೀಗೆ ಅಂತ ಕೇಳಿದರೆ, "ಯೇಸುಸ್ವಾಮಿಗೆ ನಮ್ಮ ಮನೆ ಯಾವಾಗಲೂ ತೆರೆದಿದೆ, ಅದರ ಗುರುತು" ಅನ್ನುತ್ತೇವೆ. ಬಿಷಪ್ಪರು ಒಂದು ಸಲ ಪ್ರಸಂಗದಲ್ಲಿ ನಮ್ಮ ಭಕ್ತಿಯನ್ನ ಹೊಗಳಿ, ಬೇರೆ ಊರಿನವರೂ ನಮ್ಮನ್ನ ನೋಡಿ ಕಲಿಯಬೇಕು ಅಂದರು. ನಾವು ತಲೆ ಬಗ್ಗಿಸಿ ಕೇಳಿಸಿಕೊಂಡೆವು. ನಮ್ಮ ಭಕ್ತಿ ಎಂಥದು ಅಂತ ನಮಗೆ ಗೊತ್ತಿಲ್ಲವೇ? ಬೂದಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸುಕಾಲದಲ್ಲಿ ನಮ್ಮೂರ ಕದಗಳಿಗೆ ಯಾರೋ ತಟ್ಟುತ್ತಾರೆ. ಹಾಡುಹಗಲಲ್ಲೇ ತಟ್ಟುತ್ತಾರೆ. ತೆಗೆದು ನೋಡಿದರೆ ಬೀದಿಯಲ್ಲಿ ಬಿಸಿಲು ಬಿಟ್ಟು ಏನೂ ಇರುವುದಿಲ್ಲ. ಯಾರ ಕದಕ್ಕೆ ತಟ್ಟಿತೋ ಅವರ ಹೊಟ್ಟೆಯೊಳಗೆ ಯಾರಿಗೋ ಮಾಡಿದ ಅನ್ಯಾಯ ಕೂತಿದೆ ಅಂತ ಲೆಕ್ಕ. ಅನ್ಯಾಯವಾದವರ ಮುಂದೆ ಹೋಗಿ ನಿಂತು, ಮಾಡಿದ್ದನ್ನ ಮಾಡಿದೆ ಅಂದರೆ ಸದ್ದು ನಿಲ್ಲುತ್ತದೆ. ಹೇಳದಿದ್ದರೂ ಒಂದು ದಿನ ನಿಲ್ಲುತ್ತದೆ. ಹಾಗೆ ನಿಲ್ಲುವುದಕ್ಕೇ ನಾವು ಹೆಚ್ಚು ಹೆದರುವುದು.

ಪಾಸ್ಕಲಜ್ಜನಿಗೆ ಹಾಗೆ ನಿಂತಿತ್ತು. ಅವನು ಮಾಡಿದ್ದೇನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನ ಕದಕ್ಕೆ ತಟ್ಟುತ್ತಲೇ ಇತ್ತು, ಅವನು ಕಿವಿಗೆ ಅರಳೆ ಇಟ್ಟುಕೊಂಡು ಕೂತಿದ್ದ. ಒಂದು ಬೆಳಿಗ್ಗೆ ಸದ್ದಿಲ್ಲ. ಗೆದ್ದೆ ಅಂತ ಬೀದಿಗೆಲ್ಲ ಪಾನಕ ಹಂಚಿದ. ಅದಾದ ಮೇಲೆ ಒಂದು ಮಧ್ಯಾಹ್ನ ತೋಟದಿಂದ ಬಂದು ತನ್ನ ಮನೆ ಕದಕ್ಕೆ ತಾನು ತಟ್ಟಿದರೆ, ಒಳಗೆ ಅಕ್ಕಿ ಆರಿಸುತ್ತಿದ್ದ ಸೊಸೆಗೆ ಕೇಳಿಸಲಿಲ್ಲ. ಅಲ್ಲಿಂದ ನಮ್ಮ ಮನೆಗೂ ಬಂದು ತಟ್ಟಿದನಂತೆ. ನಾನು ಒಳಗೇ ಇದ್ದೆ, ಎಲೆ ಅಡಿಕೆ ಹಾಕಿಕೊಂಡು. ಬರಬರುತ್ತಾ ಅವನ ಮಾತೂ ಹಾಗೇ ಆಯಿತು. ಟೀ ಅಂಗಡಿಯಲ್ಲಿ ಅವನು ಕೇಳಿದರೆ ಅಂಗಡಿಯವನು ಹಿಂದೆ ನಿಂತವರಿಗೆ ಕೊಡುತ್ತಿದ್ದ. ಕಡೆಗೆ ಒಂದು ದಿನ ಸೊಸೆ ಕಸ ಚೆಲ್ಲಲು ಕದ ತೆಗೆದರೆ ಅಜ್ಜ ಜಗಲಿಯ ಮೇಲೆ ಸತ್ತು ಬಿದ್ದಿದ್ದ. ಬೆರಳ ಗೆಣ್ಣೆಲ್ಲ ಸುಲಿದು ಹೋಗಿತ್ತು. ನಮಗೆ ನಿಜವಾಗಿಯೂ ಕೇಳಿಸಲಿಲ್ಲವೋ, ಹೆದರಿ ಕೇಳಿಸಿಕೊಳ್ಳಲಿಲ್ಲವೋ, ಆಣೆ ಇಟ್ಟು ಹೇಳು ಅಂದರೆ ನಾನು ಹೇಳಲಾರೆ.

ಕದವೇ ಇಲ್ಲದಿದ್ದರೆ ಎಲ್ಲಿ ತಟ್ಟೀತು, ತಪಸ್ಸುಕಾಲ ಪೂರ್ತಿ ಕದ ಎತ್ತಿಬಿಡೋಣ ಅಂತ ಆಗ ಬುದ್ಧಿ ಹೇಳಿದವನು ನನ್ನ ಮೈದುನ ಇನ್ನಾಸಪ್ಪ. ನಮ್ಮ ದೇವಾಲಯದ ಉಪದೇಶಿ ಅವನು. ಮಕ್ಕಳಿಗೆ ಜಪ ಕಲಿಸುವುದು, ಗುರುಗಳು ಇಲ್ಲದಾಗ ಪ್ರಾರ್ಥನೆ ನಡೆಸುವುದು, ಸತ್ತವರ ಮನೆಗೆ ಮೊದಲು ಓಡುವುದು ಅವನ ಕೆಲಸ. ನನ್ನ ಗಂಡ ತೀರಿಕೊಂಡ ಮೇಲೂ ನಮ್ಮೆರಡು ಮನೆಗೆ ಒಂದೇ ಗೋಡೆ. ಅವನ ಭಕ್ತಿ ನನಗೆ ಗೋಡೆಯಾಚೆಯಿಂದ ದಿನಾ ಕೇಳಿಸುತ್ತಿತ್ತು. ಕಾಪಾಡು, ತಪ್ಪಿಸು, ಕೊಡು, ಈ ಮೂರೇ ಮಾತು. ಹಲ್ಲಿ ಬಿದ್ದರೆ ಒಂದು ಹರಕೆ, ನೆಗಡಿಯಾದರೆ ಒಂದು ಮೇಣದಬತ್ತಿ. "ಇನ್ನಾಸ, ಸರ್ವೇಶ್ವರ ಏನು ನಿನ್ನ ಕಾವಲುಗಾರನೇನೋ?" ಅಂತ ನಾನು ರೇಗಿಸುತ್ತಿದ್ದೆ. "ಸುಮ್ನಿರಿ ಅತ್ತಿಗೆ, ಮೇಲಿನವನ ಹತ್ರ ತಮಾಷೆ ಬೇಡ" ಅನ್ನುತ್ತಿದ್ದ. ಮುಂದೆ ಹೇಳುವುದರಲ್ಲಿ ನಾನು ಕಂಡದ್ದು ಸ್ವಲ್ಪ. ಉಳಿದದ್ದನ್ನ ಅವನೇ ಆಮೇಲೆ ನನ್ನ ಜಗಲಿಯಲ್ಲಿ ಕೂತು ಹೇಳಿದ.

ಶುಭ ಶುಕ್ರವಾರ ಸತ್ತ ಯೇಸುಸ್ವಾಮಿಯ ಪ್ರತಿಮೆಯನ್ನ ಮರದ ಮಂಚದ ಮೇಲೆ ಮಲಗಿಸಿ ಊರೆಲ್ಲ ಹೊತ್ತು ಬರುತ್ತೇವೆ. ಮಂಚ ಅಂದರೆ ಭಾರ. ನಾಲ್ಕು ಮೂಲೆಗೆ ನಾಲ್ಕು ಜನ ಬಗ್ಗಿ ದಂಡಿಗೆಗೆ ಹೆಗಲು ಕೊಟ್ಟು, ಒಂದೇ ಉಸಿರಿಗೆ ಏಳಬೇಕು. ಮಂಚಕ್ಕೆ ಕಪ್ಪು ಬಟ್ಟೆ ನೆಲದವರೆಗೂ ಇಳಿದಿರುತ್ತದೆ. ಹೊರುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೆ ಉಪದೇಶಿ ಆ ಬಟ್ಟೆಯೊಳಗೆ ಕೈ ತೂರಿಸಿ ದಂಡಿಗೆಗೆ ತಟ್ಟುತ್ತಾನೆ. ಟಕ್ ಅಂದ ಕೂಡಲೇ ನಾಲ್ವರೂ ಏಳುತ್ತಾರೆ. ಬೇರೆ ಊರುಗಳಲ್ಲಿ ಆ ದಿನ ಗಂಟೆಯ ಬದಲು ಮರದ ಗಿಲಕಿ ಆಡಿಸುತ್ತಾರಂತೆ. ನಮ್ಮಲ್ಲಿ ಅಷ್ಟು ಧೈರ್ಯ ಯಾರಿಗಿದೆ? ವರ್ಷಕ್ಕೆ ಆ ಒಂದು ತಟ್ಟಿಗೆ ಮಾತ್ರ ನಾವು ಹೆದರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಮಂಚ ಎತ್ತುವಾಗಲೇ ಉರುಳಿ, ಸ್ವಾಮಿಯ ಬಲಗೈ ಮುರಿಯಿತು. ಬಿಷಪ್ಪರು ಎದುರಿಗೇ ಕೂತಿದ್ದರು. ಹಿಂದಿನ ಎಡಮೂಲೆ ಹೊತ್ತಿದ್ದವನು ಚೌರಪ್ಪ, ಸುಣ್ಣ ಬಳಿಯುವ ಕೆಲಸದವನು. ಇನ್ನಾಸಪ್ಪನ ಜೊತೆ ಗೋಲಿ ಆಡಿ ಬೆಳೆದವನು. "ನಾನು ಸರಿಯಾಗೇ ತಟ್ಟಿದೆ. ಇವನು ಕುಡಿದು ಬಂದಿದ್ದ, ಹೆಗಲು ಜಾರಿತು" ಅಂತ ಇನ್ನಾಸಪ್ಪ ಎಲ್ಲರ ಮುಂದೆ ಹೇಳಿದ. ನಾನು ಕುಡಿದಿಲ್ಲ ಅಂತ ಚೌರಪ್ಪ ಹೇಳಿಯೇ ಹೇಳಿದ. ಉಪದೇಶಿಯ ಮಾತೆಲ್ಲಿ, ಸುಣ್ಣದವನ ಮಾತೆಲ್ಲಿ. ಶುಭ ಶುಕ್ರವಾರ ಕುಡಿದು ಸ್ವಾಮಿಯ ಕೈ ಮುರಿದವನು ಅಂತ ಹೆಸರಾಯಿತು. ಅಲ್ಲಿಂದಾಚೆ ಅವನ ಹೆಗಲು ಯಾವ ಮಂಚಕ್ಕೂ ಬೇಡವಾಯಿತು, ಯಾವ ಹೆಣಕ್ಕೂ ಬೇಡವಾಯಿತು. ಅವರಪ್ಪ ಸತ್ತಾಗ ಪೆಟ್ಟಿಗೆ ಎತ್ತಲು ಬಂದವನನ್ನೂ ದೂರ ನಿಲ್ಲು ಅಂದರು. ಅವನು ಅಂಗಳದ ಮೂಲೆಯಲ್ಲಿ ನಿಂತ, ಪೆಟ್ಟಿಗೆ ಹೋಯಿತು.

ಕದ ಎತ್ತತೊಡಗಿದ ಮೇಲೆ ಊರಲ್ಲಿ ಸದ್ದೇ ಇರಲಿಲ್ಲ. ಈ ವರ್ಷ ತಪಸ್ಸುಕಾಲ ಶುರುವಾದ ಮೇಲೆ ಇನ್ನಾಸಪ್ಪನ ಮನೆಯ ಅಕ್ಕಿ ಪೆಟ್ಟಿಗೆ ತಟ್ಟತೊಡಗಿತು. ಕದಗಳೆಲ್ಲ ದೇವಾಲಯದ ಹಿಂದೆ ಇದ್ದವಲ್ಲ, ತಟ್ಟುವವರಿಗೆ ಪೆಟ್ಟಿಗೆ ಸಿಕ್ಕಿತು. ಮೊದಲು ಇಲಿ ಅಂದುಕೊಂಡ. ಇಲಿ ನಿಂತು ನಿಂತು, ಉಸಿರು ತೆಗೆದುಕೊಂಡು, ಉತ್ತರಕ್ಕೆ ಕಾದು ಮತ್ತೆ ತಟ್ಟುತ್ತದೆಯೇ? ಹೆಂಡತಿ ತೆರೇಸಮ್ಮ ಪೆಟ್ಟಿಗೆಯ ಮೇಲೆ ಹಾಸಿಗೆ ಹೇರಿದಳು. ನಾನು ಸೀರೆ ಸರಿಸಿ ಒಳಗೆ ಹೋದವಳು, "ಏನೇ, ಅಕ್ಕಿಗೆ ಚಳಿಯಾಯ್ತೇನೆ?" ಅಂದೆ. ಅವಳು ನಗಲಿಲ್ಲ. ಪೆಟ್ಟಿಗೆಯನ್ನ ಒಡೆದು ಸೌದೆ ಮಾಡಿದರು. ಸದ್ದು ಮಲಗುವ ಮಂಚದ ಕಾಲಿಗೆ ಬಂತು. ಮಂಚ ಹೊರಗೆ ಹಾಕಿ ನೆಲದಲ್ಲಿ ಮಲಗಿದರೆ ತಲೆಯ ಮೇಲಿನ ತೊಲೆಗೆ ಬಂತು. ತೊಲೆ ಕಿತ್ತು ಎಲ್ಲಿಗೆ ಹಾಕುತ್ತಾನೆ?

ಯಾಕೆ ತಟ್ಟುತ್ತಿದೆ ಅಂತ ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಚೌರಪ್ಪನ ಮನೆಯೊಂದು ಬಿಟ್ಟು ಬೇರೆಲ್ಲ ಕಡೆ ಓಡಿದ. ಗುರುಗಳ ಹತ್ತಿರ ಹೋಗಿ ಪಾಪನಿವೇದನೆ ಮಾಡಿದ. ಕೋಪ ಬಂತು, ಪ್ರಾರ್ಥನೆಯಲ್ಲಿ ತೂಕಡಿಸಿದೆ, ಇಂಥವನ್ನೆಲ್ಲ ಹೇಳಿ ಅದನ್ನ ಮಾತ್ರ ನುಂಗಿಕೊಂಡು ಬಂದ. ಒಪ್ಪೊತ್ತು ಮಾಡಿದ. ಮೊಣಕಾಲಲ್ಲಿ ದೇವಮಾತೆಯ ಗವಿಯ ಮೆಟ್ಟಿಲು ಹತ್ತಿದ. ಸ್ವಾಮಿಯ ಮಂಚಕ್ಕೆ ಹೊಸ ಮಖಮಲ್ಲು ಬಟ್ಟೆ ಹೊಲಿಸಿಕೊಡುತ್ತೇನೆ, ನನ್ನ ಮನೆಯದೊಂದು ಸದ್ದು ನಿಲ್ಲಿಸು ಅಂತ ಬೇಡಿಕೊಂಡ. "ನನಗೆ ಯೇಸುಸ್ವಾಮಿ ಬೇಕಿರಲಿಲ್ಲ ಅತ್ತಿಗೆ, ಸದ್ದು ನಿಲ್ಲೋದು ಬೇಕಿತ್ತು" ಅಂತ ಆಮೇಲೆ ಅವನೇ ಅಂದ. ತಟ್ಟುವುದು ನಿಲ್ಲಲಿಲ್ಲ. ಜೋರೂ ಆಗಲಿಲ್ಲ. ಬಾಗಿಲ ಹೊರಗೆ ನಿಂತ ನೆಂಟರ ಹಾಗೆ, ಒಂದೇ ಸಮ.

ಅಂಥದ್ದರಲ್ಲಿ ಒಂದು ಶುಕ್ರವಾರ ಸಾಯಂಕಾಲ, ಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನ ನೆನೆಯುವ ಶಿಲುಬೆ ಹಾದಿ ನಡೆಸುತ್ತಿದ್ದೆವು. ಗುರುಗಳು ಮುಂದೆ, ನಾವೆಲ್ಲ ಹಿಂದೆ, ದೇವಾಲಯವನ್ನ ಸುತ್ತುತ್ತಾ ಒಂದೊಂದು ಸ್ಥಳದಲ್ಲಿ ಮೊಣಕಾಲೂರಿ ಹಿಂದಿನ ಗೋಡೆಯ ಹತ್ತಿರ ಬಂದೆವು. ಊರಿನ ಕದಗಳೆಲ್ಲ ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅದರೊಳಗಿಂದ ತಟ್ಟಿತು. ಟಕ್, ಟಕ್, ಟಕ್. ಹೊಸದಾಗಿ ಬಂದಿದ್ದ ಎಳೇ ವಯಸ್ಸಿನ ಗುರುಗಳು ಪುಸ್ತಕದಿಂದ ತಲೆ ಎತ್ತಿ ನಮ್ಮ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅವತ್ತು ಇಡೀ ಊರು ಹೆಗಲು ಮುಟ್ಟಿ ನೋಡಿಕೊಂಡಿತು. ಯಾರದು, ಯಾರದು ಅಂತ ಕಣ್ಣಲ್ಲೇ ಕೇಳಿದೆವು. ನೋಡಿ ಹೇಳುವುದು ಉಪದೇಶಿಯ ಪಾಲಿಗೆ ಬಂತು.

ಇನ್ನಾಸಪ್ಪ ಹೋಗಿ ಒಂದೊಂದೇ ಕದ ಸರಿಸಿ ಅಂಗೈ ಇಟ್ಟು ನೋಡಿದ. ತನ್ನ ಮನೆಯ ಹಸಿರು ಕದದ ಮೇಲೆ ಕೈ ಇಟ್ಟಾಗ ಎಳೆಗೂಸಿನ ನೆತ್ತಿ ಮುಟ್ಟಿದ ಹಾಗೆ ಬಡಿತ ಕೈಗೆ ಹತ್ತಿತು. ಅವನು ಕೈ ತೆಗೆದ. ಪಕ್ಕದಲ್ಲೇ ತಗಡಿನ ತೇಪೆ ಹೊಡೆದ ಕದವೊಂದಿತ್ತು. ಅದರ ಮೇಲೆ ಕೈ ಇಟ್ಟು, "ಇದು" ಅಂದ. ಹಾಗನ್ನಬೇಕು ಅಂತ ಮೊದಲೇ ಎಣಿಸಿರಲಿಲ್ಲವಂತೆ. ಹೆದರಿಕೆ ಬಾಯಿಗೆ ಬಂದು ಮಾತಾಡಿತು. ತೇಪೆಯ ಕದ ಯಾರದು ಅಂತ ಎಲ್ಲರಿಗೂ ಗೊತ್ತು.

"ನಂದಾ, ಉಪದೇಶಿಗಳೇ?" ಅಂದ ಚೌರಪ್ಪ.

"ಕೈಗೆ ಹತ್ತಿದ್ದು ಹೇಳಿದೆ ಕಣಪ್ಪ. ನಾನೇನು ಮಾಡ್ಲಿ?"

ಚೌರಪ್ಪನ ಸುತ್ತ ನಿಂತಿದ್ದವರು ಹಿಂದೆ ಸರಿದರು. ಅವನ ಹೆಂಡತಿ ಜ್ಞಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ನಾವು ಉಳಿದವರು ನಿಟ್ಟುಸಿರು ಬಿಟ್ಟೆವು, ಶಿಲುಬೆ ಹಾದಿ ಮುಂದುವರಿಯಿತು. "ಯೇಸುವೇ ನಮಗೆ ದಯೆತೋರಿರಿ" ಅಂತ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವನು ಇನ್ನಾಸಪ್ಪ.

ಚೌರಪ್ಪ ಇದನ್ನ ಸುಳ್ಳು ಅನ್ನಲಿಲ್ಲ. ನನ್ನ ಕದ ತಟ್ಟಿತು ಅಂದಮೇಲೆ ನಾನು ಏನೋ ಮಾಡಿರಲೇಬೇಕು ಅಂದುಕೊಂಡ. ಸುಣ್ಣದ ಕೆಲಸ ಬಿಟ್ಟು ಮನೆಮನೆಗೆ ಹೋಗತೊಡಗಿದ. ಹೊಸಿಲ ಹೊರಗೆ ನಿಂತು, ಸೀರೆ ಸರಿಸದೆ, ಕ್ಷಮಿಸಿ ಅನ್ನುತ್ತಿದ್ದ. ನಮ್ಮ ಮನೆಗೆ ಬಂದು, ಚಿಕ್ಕಂದಿನಲ್ಲಿ ನಮ್ಮ ಹಿತ್ತಲಿನ ನುಗ್ಗೆಕಾಯಿ ಕಿತ್ತಿದ್ದಕ್ಕೆ ತಪ್ಪು ಕೇಳಿದ. "ಹೋಗೋ, ಆ ಮರವೇ ಬಿದ್ದು ಯಾವ ಕಾಲವಾಯ್ತು" ಅಂತ ನಕ್ಕೆ. ಅವನು ನಗಲಿಲ್ಲ. "ಲೂರ್ದಕ್ಕ, ನಾನು ಇನ್ನೇನು ಮಾಡಿದೀನಿ ನಿಮಗೇನಾದ್ರೂ ನೆನಪಿದ್ರೆ ಹೇಳಿ. ನಂಗೆ ನೆನಪೇ ಬರ್ತಿಲ್ಲ. ಯಾರಿಗೋ ನೋವಾಗಿದೆ, ನಂಗೆ ಅದು ನೆನಪೂ ಇಲ್ಲ ಅಂದ್ರೆ ನಾನು ಎಂಥ ಮನುಷ್ಯ" ಅಂದ. ಸಾಯದೆ ಹೇಗೆ ಉಳಿಯುವುದು ಅಂತ ಅವನು ಕೇಳುತ್ತಿರಲಿಲ್ಲ. ಯಾರಿಗೆ ನೋಯಿಸಿದೆ ಅಂತ ಕೇಳುತ್ತಿದ್ದ. ಉಳಿಯುವ ಚಿಂತೆ ಜ್ಞಾನಮ್ಮನದು. "ಪಾಸ್ಕಲಜ್ಜನ ಹಂಗೆ ಆಗ್ಬಿಟ್ರೆ ಗತಿ ಏನಕ್ಕ? ಅವರು ಕರೆದ್ರೆ ನಂಗೇ ಕೇಳಿಸಲ್ವಲ್ಲ" ಅಂತ ಅವಳು ಬಾವಿಕಟ್ಟೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದಳು.

ಪವಿತ್ರ ಗುರುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಚೌರಪ್ಪ ಇನ್ನಾಸಪ್ಪನ ಹೊಸಿಲಿಗೆ ಬಂದ. ಒಳಗೆ ತೊಲೆ ತಟ್ಟುತ್ತಲೇ ಇತ್ತು. ಇನ್ನಾಸಪ್ಪ ಅದು ಹೊರಗೆ ಕೇಳಿಸೀತು ಅಂತ ಓಡಿ ಬಂದು ಸೀರೆಗೆ ಅಡ್ಡ ನಿಂತ.

"ಎಲ್ಲರ ಮನೆಗೂ ಹೋಗಿ ಬಂದೆ ಉಪದೇಶಿಗಳೇ. ಇದೊಂದು ಮನೆ ಉಳಿದಿತ್ತು" ಅಂದ ಚೌರಪ್ಪ. ಆಮೇಲೆ ಬಗ್ಗಿ ಅವನ ಕಾಲು ಹಿಡಿದುಕೊಂಡ. "ಅವತ್ತು ಸ್ವಾಮಿ ಬಿದ್ದದ್ದು ನನ್ನಿಂದಲೇ ಇರಬೇಕು. ಇಷ್ಟು ವರ್ಷ ಅಲ್ಲ ಅಲ್ಲ ಅಂತಲೇ ಹಟ ಮಾಡಿದೆ, ನಿಮ್ಮ ಮೇಲೆ ದ್ವೇಷ ಸಾಧಿಸಿದೆ. ಕುಡಿದಿರಲಿಲ್ಲ ಅಂತ ನೆನಪು. ಆದ್ರೆ ಕುಡಿದವನಿಗೆ ನೆನಪೆಲ್ಲಿರುತ್ತೆ? ನಿಮ್ಮನ್ನ ಸುಳ್ಳುಗಾರ ಅಂತ ಮನಸ್ಸಲ್ಲಿ ಬೈದೆ. ಕ್ಷಮಿಸಿಬಿಡಿ."

ಇನ್ನಾಸಪ್ಪ ಆ ಕ್ಷಣ ಬಾಯಿ ಬಿಡಬಹುದಿತ್ತು. ಕಾಲು ಹಿಡಿದವನ ನೆರೆತ ತಲೆ ಕಣ್ಣ ಕೆಳಗೇ ಇತ್ತು. "ಕ್ಷಮಿಸಿದೀನಿ, ಹೋಗಪ್ಪ" ಅಂದುಬಿಟ್ಟ. ಅಂದ ಮಾತು ಇನ್ನೂ ಬಾಯಲ್ಲಿರುವಾಗಲೇ ತೊಲೆಯ ಸದ್ದು ನಿಂತಿತು.

ಮೊದಲು ಬಂದದ್ದು ನೆಮ್ಮದಿ. ನಿಂತಿತು, ದೇವರು ದೊಡ್ಡವನು ಅಂತ ಎದೆ ಮುಟ್ಟಿಕೊಂಡ. ಚೌರಪ್ಪ ಬೀದಿಯ ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಅದು ಪಾಸ್ಕಲಜ್ಜನಿಗೆ ನಿಂತಂಥ ನಿಲ್ಲುವಿಕೆ ಅಂತ ಅವನಿಗೆ ಹೊಳೆಯಿತು. ತೆರೇಸಮ್ಮ ಒಲೆ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಅವನು ಅಡುಗೆ ಮನೆಯ ಮರದ ಕಂಬಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದ. ಅವಳು ತಿರುಗಲಿಲ್ಲ. ಇನ್ನೊಂದು ಸಲ, ಜೋರಾಗಿ ತಟ್ಟಿದ. ಅವಳು ಬೆಂಕಿ ಊದುತ್ತಲೇ ಇದ್ದಳು. ಬಾಯಿ ತೆರೆದು ಹೆಸರು ಹಿಡಿದು ಕರೆಯೋಣ ಅಂದುಕೊಂಡ. ಕರೆದು, ಆಗಲೂ ಅವಳು ತಿರುಗದಿದ್ದರೆ? ಆ ಧೈರ್ಯ ಬರಲಿಲ್ಲ. ಊಟ ಬೇಡ ಅಂತ ಕೈಸನ್ನೆ ಮಾಡಿ ಮಲಗಿಬಿಟ್ಟ.

ಬೆಳಗಾದರೆ ಶುಭ ಶುಕ್ರವಾರ. ಆ ದಿನ ಸ್ವಾಮಿಯ ಮಂಚ ಹೊರಡುವ ತನಕ ನಮ್ಮೂರಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರಿಗೂ ಮೌನ. ಅದೂ ಅವನಿಗೆ ಮುಳ್ಳಾಯಿತು. ಎದುರಿಗೆ ಬಂದವರು ನೋಡಿ ತಲೆ ಬಗ್ಗಿಸಿ ಹೋದರು. ನಾನೂ ಹಾಗೇ ಹೋದೆ. ತಾನು ಸತ್ತು ಊರಲ್ಲಿ ಓಡಾಡುತ್ತಿದ್ದೇನೋ ಅನ್ನಿಸಿತಂತೆ ಅವನಿಗೆ. ಬೆಳಗಿನಿಂದ ತನಗಾಗಿ ಅತ್ತ. ಮಧ್ಯಾಹ್ನದ ಹೊತ್ತಿಗೆ ತನಗಾಗಿ ಅಳುವುದು ಮುಗಿಯಿತು. ಆಗ ಚೌರಪ್ಪನ ನೆರೆತ ತಲೆ ನೆನಪಿಗೆ ಬಂತು. ತನ್ನ ಕಥೆಯಂತೂ ಆಯಿತು. ಇನ್ನು ಹೇಳಿದರೂ ಒಂದೇ, ಬಿಟ್ಟರೂ ಒಂದೇ. ಆದರೆ ಮಾಡದ ತಪ್ಪನ್ನ ಮಾಡಿದೆ ಅಂತ ನಂಬಿಕೊಂಡು ಆ ಮನುಷ್ಯ ಮನೆಗೆ ಹೋದನಲ್ಲ, ಅದನ್ನ ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾನಲ್ಲ. ಹೇಳಬೇಕಾದವನು ನಾನೊಬ್ಬನೇ, ನನಗೀಗ ದನಿ ಇಲ್ಲ. ಈ ಯೋಚನೆಗೆ ಬಂದ ಸಂಕಟದ ಮುಂದೆ ಹಿಂದಿನ ಹೆದರಿಕೆಯೆಲ್ಲ ಮಕ್ಕಳಾಟ ಅನ್ನಿಸಿತು ಅಂದ.

ದೇವಾಲಯ ತುಂಬಿತ್ತು. ನಾಲ್ವರು ಮಂಚದ ಬಟ್ಟೆಯೊಳಗೆ ಬಗ್ಗಿ ಹೆಗಲು ಕೊಟ್ಟು ಕಾದಿದ್ದರು. ಚೌರಪ್ಪ ಕೊನೆಯಲ್ಲಿ, ಹೊಸಿಲ ಹತ್ತಿರ, ಪ್ರಾಯಶ್ಚಿತ್ತದವರು ನಿಲ್ಲುವ ಜಾಗದಲ್ಲಿ ನಿಂತಿದ್ದ. ನಾನು ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದೆ. ಇನ್ನಾಸಪ್ಪ ಬಟ್ಟೆಯೊಳಗೆ ಕೈ ತೂರಿಸಿ ದಂಡಿಗೆಗೆ ತಟ್ಟಿದ. ಮಂಚ ಏಳಲಿಲ್ಲ. ಮತ್ತೆ ತಟ್ಟಿದ. ಏಳಲಿಲ್ಲ. ನಮಗೆಲ್ಲರಿಗೂ ಕೇಳಿಸಿತ್ತು, ಕೇಳಿಸಿದ್ದಕ್ಕೇ ಯಾರೂ ಅಲ್ಲಾಡಲಿಲ್ಲ. ಕದಗಳ ರಾಶಿಯೇ ಬಡಿದ ವರ್ಷ ಇದು. ಬಟ್ಟೆಯೊಳಗೆ ಕೈ ಕಾಣದು. ತಟ್ಟುವವರು ಈಗ ಸ್ವಾಮಿಯ ಮಂಚಕ್ಕೇ ಬಂದರು ಅಂತ ಹೊರುವವರೂ ಕಲ್ಲಾಗಿದ್ದರು, ನಾವೂ ಕಲ್ಲಾಗಿದ್ದೆವು. ಹಿಂದಿನ ಸಂಜೆ ತೆರೇಸಮ್ಮನೂ ಹಾಗೇ ಕೂತಿದ್ದಳಂತೆ. ತಟ್ಟಿದ ಸದ್ದಿಗೆ ತಿರುಗಿ ನೋಡುವ ಹೆಂಗಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನಾಸಪ್ಪನಿಗೆ ಇದೊಂದೂ ಗೊತ್ತಿಲ್ಲ. ಸುತ್ತ ಒಂದು ಸಲ ನೋಡಿದ. ಬಗ್ಗಿದ ತಲೆಗಳು. ಇವರಿಗೆ ನಾನು ಇಲ್ಲ ಅಂತ ಖಚಿತವಾಯಿತು. ಮೊಣಕಾಲೂರಿ, ಮಂಚದ ಮೇಲೆ ಮಲಗಿದ್ದ ಸ್ವಾಮಿಯ ಮುಖಕ್ಕೆ ಮುಖ ಹತ್ತಿರ ತಂದು, ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡತೊಡಗಿದ. ಜಪ ಹೇಳಿಕೊಡುವಾಗಿನ ದನಿ ಅದಲ್ಲ. ಅಂಥ ದನಿ ಅವನಲ್ಲಿದೆ ಅಂತ ಗೋಡೆಯಾಚೆ ಇದ್ದ ನನಗೂ ಗೊತ್ತಿರಲಿಲ್ಲ.

"ನಿನ್ನ ಕೈ ಮುರಿದವನು ನಾನು ಸ್ವಾಮಿ. ಮಂಚದ ಬಟ್ಟೆ ಸರಿಸಿದಾಗ ಚೌರಪ್ಪ ಇನ್ನೂ ಹೆಗಲಿಗೆ ಟವೆಲ್ ಮಡಚಿ ಇಟ್ಕೊಳ್ತಿದ್ದ. ನೋಡಿದೆ. ಬಿಷಪ್ಪರು ಗಡಿಯಾರ ನೋಡಿಕೊಂಡ್ರು ಅಂತ, ನೋಡಿಯೂ ತಟ್ಟಿದೆ. ಅವನು ಕುಡಿದಿರಲಿಲ್ಲ. ಅವರಪ್ಪನ ಪೆಟ್ಟಿಗೆ ಹೋಗುವಾಗ ಅಂಗಳದ ಮೂಲೇಲಿ ಎರಡು ಕೈಯಲ್ಲೂ ತನ್ನ ಹೆಗಲು ಹಿಡ್ಕೊಂಡು ನಿಂತಿದ್ದ, ಅದನ್ನೂ ನೋಡಿದೆ. ನೋಡಿ ಜಪ ಹೇಳಿಕೊಟ್ಟೆ. ಮೊನ್ನೆ ಬಡಿದದ್ದು ನನ್ನ ಕದ. ಅವನದು ಅಂದೆ. ನಿನ್ನೆ ಅವನೇ ಬಂದು ನನ್ನ ಕಾಲು ಹಿಡಿದ, ಕ್ಷಮಿಸಿದೀನಿ ಅಂದೆ. ನನ್ನನ್ನ ಏನಾದ್ರೂ ಮಾಡು, ನಾನು ಏನೂ ಕೇಳಲ್ಲ. ಇಷ್ಟು ವರ್ಷ ಕೇಳಿದ್ದೇ ಆಯ್ತು. ನನ್ನ ಮಾತು ಇನ್ನು ಯಾರಿಗೂ ಕೇಳಿಸಲ್ಲ. ನೀನೇ ಹೆಂಗಾದ್ರೂ ಮಾಡಿ ಅವನಿಗೆ ತಿಳಿಸು, ಅವನದೇನೂ ತಪ್ಪಿಲ್ಲ ಅಂತ."

ಹೆಂಗಸರ ಕಡೆಯಿಂದ ಜ್ಞಾನಮ್ಮ ಅಳುವ ಸದ್ದು ಬಂತು. ಇನ್ನಾಸಪ್ಪ ತಿರುಗಿ ನೋಡಿದ. ಇಡೀ ದೇವಾಲಯ ತಲೆ ಎತ್ತಿ ಅವನನ್ನೇ ನೋಡುತ್ತಿತ್ತು. ಆ ಮುಖದಲ್ಲಿ ನಾನು ಕಂಡ ಭಯ ಅದಕ್ಕೆ ಮುಂಚೆ ಯಾರ ಮುಖದಲ್ಲೂ ಕಂಡಿಲ್ಲ. ಯಾರಿಗೂ ಕೇಳಿಸದೆ ಹೋದೇನು ಅಂತ ಹೆದರಿ ಹೆದರಿ ಬಾಳಿದವನ ಮಾತು ಎಲ್ಲರಿಗೂ ಕೇಳಿಸಿಬಿಟ್ಟಿತ್ತು. ನನ್ನ ಕಡೆ ತಿರುಗಿ, ಮಗುವಿನ ಹಾಗೆ, "ಅತ್ತಿಗೆ, ಕೇಳಿಸ್ತಾ?" ಅಂದ.

ಮೌನ ಮುರಿಯಬಾರದಿತ್ತು. ಮುರಿದೆ. "ಕೇಳಿಸ್ತು ಕಣೋ, ಎಲ್ಲರಿಗೂ ಕೇಳಿಸ್ತು" ಅಂದೆ.

ಹೊಸಿಲ ಹತ್ತಿರದಿಂದ ಚೌರಪ್ಪ ನಡೆದು ಬಂದ. ಜನ ದಾರಿ ಬಿಟ್ಟರು. ಹೊಡೆಯುತ್ತಾನೆ ಅಂತಲೇ ನಾವು ಅಂದುಕೊಂಡದ್ದು. ಅವನ ಕೈ ಬೆರಳುಗಳು ಹಾಗೆ ಮುಷ್ಟಿ ಕಟ್ಟಿದ್ದವು. ಇನ್ನಾಸಪ್ಪನೂ ಹಾಗೇ ಅಂದುಕೊಂಡು ಮುಖ ಮುಂದೆ ಹಿಡಿದ. ಚೌರಪ್ಪ ಅವನನ್ನ ದಾಟಿ ಹೋಗಿ ಹಿಂದಿನ ಎಡಮೂಲೆಯಲ್ಲಿ ನಿಂತ. ಬಟ್ಟೆಯೊಳಗಿದ್ದವನು ಏನೂ ಹೇಳಿಸಿಕೊಳ್ಳದೆ ಹೊರಗೆ ಬಂದು ಜಾಗ ಬಿಟ್ಟ. ಕ್ಷಮಿಸಿದೆ ಅಂತ ಚೌರಪ್ಪ ಅವತ್ತು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಟವೆಲ್ ಕೊಡವಿ, ಮಡಚಿ, ಹೆಗಲಿನ ಮೇಲೆ ಇಟ್ಟುಕೊಂಡ. ಅದು ಜಾರಿತು, ಮತ್ತೆ ಮಡಚಿದ. ಕಪ್ಪು ಬಟ್ಟೆಯನ್ನ ದಂಡಿಗೆಯ ಮೇಲಕ್ಕೆ ಎತ್ತಿ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಬಗ್ಗಿದ. ಅಪ್ಪ ಸತ್ತಾಗಲೂ ಅಳದಿದ್ದವನ ಗಲ್ಲದಿಂದ ನೀರು ಇಳಿಯುತ್ತಿತ್ತು.

"ಇನ್ನಾಸಣ್ಣ, ನೋಡ್ಕೊಂಡು ತಟ್ಟು" ಅಂದ.

ಇನ್ನಾಸಪ್ಪನ ಕೈ ದಂಡಿಗೆಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಅವನು ಚೌರಪ್ಪನ ಹೆಗಲನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಟ್ಟಿದ.